ಹಾರುವ ಪಿಕಪ್, ಎಳೆಯುವ ಪಿಕಪ್: ಯಾವುದನ್ನು ಆರಿಸೋಣ?

ಪುಣೆಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಪಿಂಪ್ರಿ-ಚಿಂಚವಾಡದ ಕನ್ನಡ ಬಳಗದಲ್ಲಿ ಒಂದೇ ಮಾತು: ಜಿಪ್ಸಿಯನ್ನು ಗೋವಾಕ್ಕೆ ಹೇಗೆ ಒಯ್ಯೋದು? ರೈನ್‌ಫಾರೆಸ್ಟ್ ಚಾಲೆಂಜ್‌ನ (ಕೆಸರಿನ ಹಾದಿಯಲ್ಲಿ ಗಾಡಿ ಓಡಿಸುವ ಪಂದ್ಯ) ಭಾರತದ ಸ್ಪರ್ಧೆ 2014ರಲ್ಲಿ ಗೋವಾದಲ್ಲಿ ಶುರುವಾಯಿತು. ಅಂದಿನಿಂದ ಮಳೆಗಾಲದ ಕೆಸರಿಗೆ ಇಳಿಯುವ ಹುಚ್ಚು ನಮ್ಮವರಲ್ಲೂ ಬೆಳೆಯಿತು. ಕೆಸರಿನ ಟೈರ್, ಸಿಕ್ಕಿಬಿದ್ದರೆ ಹಗ್ಗದಿಂದ ಎಳೆಯುವ ವಿಂಚ್, ಕಬ್ಬಿಣದ ಕೇಜ್ ಹಾಕಿಸಿದ ಜಿಪ್ಸಿಯನ್ನು ಸುಮಾರು 450 ಕಿಲೋಮೀಟರ್ ಓಡಿಸಿಕೊಂಡು ಹೋಗೋದು ಕಷ್ಟ. ಆಟದಲ್ಲಿ ಆಕ್ಸಲ್ ಮುರಿದರೆ ವಾಪಸ್ ತರೋದು ಇನ್ನೂ ಕಷ್ಟ. ಹಾಗಾಗಿ ಟ್ರೇಲರ್ ಬೇಕು, ಅದನ್ನು ಎಳೆಯಲು ಪಿಕಪ್ ಬೇಕು.

ಇಲ್ಲಿಂದಲೇ ವಾದ ಶುರು. ಒಬ್ಬನಿಗೆ ಟೊಯೋಟಾ ಹೈಲಕ್ಸ್, ಇನ್ನೊಬ್ಬನಿಗೆ ಇಸುಜು ವಿ-ಕ್ರಾಸ್. ಮೂರನೆಯವನು ಮೊಬೈಲ್‌ನಲ್ಲಿ ಫೋರ್ಡ್ ರ‍್ಯಾಪ್ಟರ್ ಮರಳುಗಾಡಿನಲ್ಲಿ ಹಾರುವ ವಿಡಿಯೋ ತೋರಿಸಿ, ‘ಇದೊಂದು ಇಲ್ಲಿ ಸಿಕ್ಕಿದ್ದರೆ ಜಿಪ್ಸಿ ಏನು, ಲಾರಿಯನ್ನೇ ಎಳೀತಿತ್ತು’ ಅನ್ನುತ್ತಾನೆ. ನಾನು ಚಾಕಣದಲ್ಲಿ ಗಾಡಿಗಳ ನಡುವೆಯೇ ದುಡಿಯುವವನು. ಈ ಮಾತು ಎಷ್ಟು ಜನರನ್ನು ದಾರಿ ತಪ್ಪಿಸುತ್ತೆ ಅಂತ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಮೊದಲು ರ‍್ಯಾಪ್ಟರ್‌ನ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಬಲ ಜಾಸ್ತಿ, ಎಳೆತ ಕಡಿಮೆ

ಆಸ್ಟ್ರೇಲಿಯಾದಲ್ಲಿ ಮಾರುವ ಮಾಮೂಲಿ ಫೋರ್ಡ್ ರೇಂಜರ್ ಬ್ರೇಕ್ ಇರುವ ಟ್ರೇಲರ್ ಆದರೆ 3,500 ಕೆಜಿ ಎಳೆಯಬಹುದು. ಅದೇ ಮನೆಯ ರೇಂಜರ್ ರ‍್ಯಾಪ್ಟರ್‌ಗೆ ಮಿತಿ 2,500 ಕೆಜಿ. ಪೂರಾ ಒಂದು ಟನ್ ಕಡಿಮೆ.

2018ರಲ್ಲಿ ರೇಂಜರ್ ರ‍್ಯಾಪ್ಟರ್ ಮೊದಲು ಬಂದಾಗ ಅದರಲ್ಲಿದ್ದದ್ದು 2.0 ಲೀಟರ್ ಡೀಸೆಲ್, ಸುಮಾರು 213 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿಯೇ). ಆಗಲೂ ಮಿತಿ 2,500 ಕೆಜಿ. ಮುಂದಿನ ತಲೆಮಾರಿಗೆ 3.0 ಲೀಟರ್ ವಿ6 ಪೆಟ್ರೋಲ್ ಬಂತು. ಆಸ್ಟ್ರೇಲಿಯಾದಲ್ಲಿ ಅದು 397 ಪಿಎಸ್. ಬಲ ಹತ್ತಿರ ಹತ್ತಿರ ಎರಡರಷ್ಟಾಯಿತು. ಎಳೆಯುವ ಮಿತಿ ಅದೇ 2,500 ಕೆಜಿ! ಇನ್ನೊಂದು ಕಡೆ ನೋಡಿ. ಬ್ರಿಟನ್ನಿನಲ್ಲಿ ಇಸುಜು ಡಿ-ಮ್ಯಾಕ್ಸ್ ಬರೀ 1.9 ಲೀಟರ್ ಎಂಜಿನ್, 164 ಪಿಎಸ್ ಇಟ್ಟುಕೊಂಡು 3,500 ಕೆಜಿ ಎಳೆಯುತ್ತೆ. ಹಾಗಾದರೆ ಮಿತಿ ಎಂಜಿನ್‌ನಲ್ಲಿ ಇಲ್ಲ ಅಂತಾಯ್ತು ಅಲ್ವಾ?

ಅಮೆರಿಕದ ದೊಡ್ಡ ಗಾಡಿಗಳಲ್ಲೂ ಇದೇ ಕಥೆ. ಫೋರ್ಡ್‌ನ 2024ರ ಎಫ್-150ಯನ್ನು ಎಳೆಯಲೆಂದೇ ಸಜ್ಜುಗೊಳಿಸಿದರೆ 13,500 ಪೌಂಡ್, ಅಂದರೆ ಸುಮಾರು 6,120 ಕೆಜಿ ಎಳೆಯುತ್ತೆ. ಎಫ್-150 ರ‍್ಯಾಪ್ಟರ್‌ಗೆ 8,200 ಪೌಂಡ್, ಸುಮಾರು 3,720 ಕೆಜಿ. 720 ಅಶ್ವಶಕ್ತಿಯ ರ‍್ಯಾಪ್ಟರ್ ಆರ್ ಕೂಡ 8,700 ಪೌಂಡ್‌ಗೆ ನಿಲ್ಲುತ್ತೆ. ಅದೇ ವರ್ಷದ ರಾಮ್ 1500 ಗರಿಷ್ಠ 12,750 ಪೌಂಡ್ ಎಳೆದರೆ, ಅದರದೇ 702 ಅಶ್ವಶಕ್ತಿಯ ಟಿಆರ್‌ಎಕ್ಸ್‌ಗೆ 8,100 ಪೌಂಡ್. ಶೆವರ್ಲೆ ಕೊಲೊರಾಡೊ 7,700 ಪೌಂಡ್‌ವರೆಗೆ ಎಳೆಯುತ್ತೆ, ಅದರ ಜಡ್‌ಆರ್2 ಮಾದರಿ 6,000 ಪೌಂಡ್. ಕಂಪನಿ ಯಾವುದೇ ಇರಲಿ, ಹಾರಲು ಕಟ್ಟಿದ ಗಾಡಿ ಎಳೆಯೋದರಲ್ಲಿ ತನ್ನ ಮನೆಯ ಸಾದಾ ಗಾಡಿಗಿಂತ ಹಿಂದೆ.

ಯಾಕೆ ಹೀಗೆ? ಗಾಡಿ ಗುಂಡಿಗೆ ಬಿದ್ದು ಎದ್ದರೂ ಒಳಗಿರುವವರ ಬೆನ್ನು ಉಳಿಯಬೇಕು. ಅದಕ್ಕೆ ಚಕ್ರ ಉದ್ದಕ್ಕೆ ಮೇಲೆ ಕೆಳಗೆ ಆಡಬೇಕು, ಸ್ಪ್ರಿಂಗ್ ಮೆತ್ತಗಿರಬೇಕು. ಮಾಮೂಲಿ ರೇಂಜರ್‌ಗೆ ಹಿಂದೆ ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್, ಪುಣೆಯ ಗ್ಯಾರೇಜುಗಳಲ್ಲಿ ಇದಕ್ಕೆ ‘ಪಾಟಾ’ ಅಂತಾರೆ. ರ‍್ಯಾಪ್ಟರ್‌ನಲ್ಲಿ ಪಾಟಾ ತೆಗೆದು ಸುರುಳಿಯ ಕಾಯಿಲ್ ಸ್ಪ್ರಿಂಗ್, ಫಾಕ್ಸ್ ಕಂಪನಿಯ ಶಾಕ್ ಅಬ್ಸಾರ್ಬರ್ ಕೂರಿಸಿದ್ದಾರೆ. ಇಂಥ ಮೆತ್ತನೆ ಹಿಂಭಾಗಕ್ಕೆ ಟ್ರೇಲರ್ ಸಿಕ್ಕಿಸಿದರೆ ಬೆನ್ನು ಕುಸಿಯುತ್ತೆ, ಮೂತಿ ಮೇಲೇಳುತ್ತೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗುತ್ತೆ. ಬ್ರೇಕ್ ಹಿಡಿತವೂ ಹೋಗುತ್ತೆ. ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ತುದಿಗೆ ಬೀಳುತ್ತೆ.

ಕಾಯಿಲ್ ಸ್ಪ್ರಿಂಗ್ ಇದ್ದರೆ ಎಳೆಯಲಾಗದು ಅಂತ ಇದರ ಅರ್ಥ ಅಲ್ಲ. ಕಳೆದ ತಲೆಮಾರಿನ ನಿಸ್ಸಾನ್ ನವಾರಾಕ್ಕೂ ಹಿಂಭಾಗದಲ್ಲಿ ಕಾಯಿಲ್ಲೇ ಇತ್ತು, ಅದು 3,500 ಕೆಜಿ ಎಳೆಯುತ್ತಿತ್ತು. ಮೇಲೆ ಹೇಳಿದ ರಾಮ್ 1500ರಲ್ಲೂ ಕಾಯಿಲ್ಲೇ. ಸ್ಪ್ರಿಂಗ್‌ನ ಜಾತಿಗಿಂತ ಅದನ್ನು ಯಾವ ಕೆಲಸಕ್ಕೆ ಹದ ಮಾಡಿದ್ದಾರೆ ಅನ್ನೋದು ಮುಖ್ಯ. ‘ಪಾಟಾ ಇದೆಯಾ?’ ಅಂತ ಕೇಳಿ ಸುಮ್ಮನಾಗಬೇಡಿ. ಮಿತಿ ಎಷ್ಟು ಕೆಜಿ ಅಂತ ಕೇಳಿ.

ಚಕ್ಕಡಿ ಹೇರಿದವರಿಗೆ ಗೊತ್ತಿರೋ ಲೆಕ್ಕ

ನಾನು ಧಾರವಾಡದ ಕಡೆಯವನು. ಊರಲ್ಲಿ ಚಕ್ಕಡಿಗೆ ಹೊಟ್ಟು ಹೇರುವಾಗ ಅಜ್ಜ ಕೈಯಿಂದ ನೊಗ ಎತ್ತಿ ನೋಡುತ್ತಿದ್ದರು. ನೊಗ ಸುಲಭಕ್ಕೆ ಮೇಲೆ ಬಂದರೆ ಹಿಂಭಾರ. ಏರು ಬಂದಾಗ ನೊಗ ಮೇಲಕ್ಕೆ ಹೋಗಿ ಕೊರಳಿಗೆ ಕಟ್ಟುವ ಪಟ್ಟಿ, ಅಂದರೆ ಜತ್ತಿಗೆ, ಎತ್ತಿನ ಕುತ್ತಿಗೆ ಬಿಗಿಯುತ್ತೆ. ಅಲುಗಾಡದಿದ್ದರೆ ಮುಂಭಾರ ಅತಿಯಾಯಿತು, ಹೆಗಲು ಕಿತ್ತು ಹೋಗುತ್ತೆ. ನೊಗದ ಮೇಲೆ ಹಿತವಾಗಿ ಸ್ವಲ್ಪ ಭಾರ ಕೂತಾಗಲೇ ಚಕ್ಕಡಿ ಹೊರಡುತ್ತಿತ್ತು.

ಟ್ರೇಲರ್‌ಗೂ ಇದೇ ಲೆಕ್ಕ, ಒಂದಿಷ್ಟೂ ಬೇರೆ ಇಲ್ಲ. ಪಿಕಪ್‌ನ ಹಿಚ್ ಬಾಲ್ (ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡು) ಮೇಲೆ ಕೂರುವ ಭಾರವೇ ಮುಂಭಾರ. ತುಂಬಿದ ಟ್ರೇಲರ್‌ನ ಒಟ್ಟು ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಬಾಲ್ ಮೇಲೆ ಕೂರಬೇಕು. 2,000 ಕೆಜಿ ಟ್ರೇಲರ್ ಅಂದರೆ 200 ಕೆಜಿ. ಎಷ್ಟೋ ಜನ ಮರೆಯೋದು ಇಲ್ಲಿ: ಆ 200 ಕೆಜಿ ಟ್ರೇಲರ್‌ನ ಲೆಕ್ಕಕ್ಕೆ ಮಾತ್ರ ಸೇರೋದಲ್ಲ. ಅದು ಪಿಕಪ್ ಹೊರುವ ಭಾರವೂ ಹೌದು. ಹಿಂದಿನ ಸೀಟಲ್ಲಿ ಇನ್ನೂ ಮೂವರು ಕೂತ ಹಾಗೆ.

ಎಫ್-150 ರ‍್ಯಾಪ್ಟರ್ ಜನ, ಸಾಮಾನು ಎಲ್ಲ ಸೇರಿ ಹೊರಬಲ್ಲದ್ದು 1,400 ಪೌಂಡ್, ಅಂದರೆ 635 ಕೆಜಿ. ಅದರ ಮಿತಿಯಷ್ಟು ಟ್ರೇಲರ್ ಕಟ್ಟಿದರೆ ಬಾಲ್ ಮೇಲೇ 372 ಕೆಜಿ ಹೋಯಿತು. ಉಳಿದದ್ದು 263 ಕೆಜಿ. ಟಿಆರ್‌ಎಕ್ಸ್ ಹೊರೋದು 1,310 ಪೌಂಡ್, 594 ಕೆಜಿ. ಅದೇ ಲೆಕ್ಕ ಹಾಕಿದರೆ ಉಳಿಯೋದು 227 ಕೆಜಿ. ತಲಾ 75 ಕೆಜಿಯ ಮೂರು ಜನ ಹತ್ತಿದರೆ ಮುಗಿಯಿತು, ನಾಲ್ಕನೆಯವರಿಗೆ ಜಾಗ ಇದೆ, ತೂಕ ಇಲ್ಲ. ಅಷ್ಟು ದೊಡ್ಡ ಗಾಡಿ ನೋಡಿದವರಿಗೆ ಇದು ನಂಬೋಕೆ ಕಷ್ಟ.

ಹಿಂಭಾರ ಆದರೆ ಏನಾಗುತ್ತೆ ಅಂತ ಒಮ್ಮೆ ಕಾಗಲ್ ಹತ್ತಿರ ಅನುಭವಿಸಿದೆವು. ಗೆಳೆಯನ ಪಿಕಪ್, ಬಾಡಿಗೆ ಟ್ರೇಲರ್. ಗೋವಾದಲ್ಲಿ ಬೇಗ ಇಳಿಸಬಹುದು ಅಂತ ಜಿಪ್ಸಿಯನ್ನು ರಿವರ್ಸ್‌ನಲ್ಲಿ ಟ್ರೇಲರ್ ಹತ್ತಿಸಿದ್ದೆವು. ಅದರ ಎಂಜಿನ್, ಮುಂದಿನ ವಿಂಚ್, ಎಲ್ಲ ಟ್ರೇಲರ್‌ನ ಬಾಲಕ್ಕೆ ಬಂದಿತ್ತು. 60ರಲ್ಲಿ ಏನೂ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ 80 ಮುಟ್ಟಿದಾಗ ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಸಿತು. ಮೂರನೇ ಬೀಸಿಗೆ ಪಿಕಪ್‌ನ ಬೆನ್ನೂ ಅಲುಗಿತು. ಗೆಳೆಯ ಬ್ರೇಕ್ ತುಳಿಯಲಿಲ್ಲ, ಅದೇ ನಮ್ಮನ್ನು ಉಳಿಸಿದ್ದು. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದ. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಅದರ ಹಾರ್ನ್ ಇನ್ನೂ ಕಿವಿಯಲ್ಲಿದೆ. ಪಕ್ಕದ ಢಾಬಾದ ಅಂಗಳದಲ್ಲಿ ಜಿಪ್ಸಿ ಇಳಿಸಿ, ತಿರುಗಿಸಿ, ಮೂತಿ ಮುಂದೆ ಮಾಡಿ ಹತ್ತಿಸಿದೆವು. ಮುಂದೆ ಅದೇ ರಸ್ತೆ, ಅದೇ ವೇಗ, ಟ್ರೇಲರ್ ಮಿಸುಕಲಿಲ್ಲ.

ತೂಗದೆ ಹೊರಡಬೇಡಿ

ಚಾಕಣ, ಭೋಸರಿ ಕಡೆ ಹೆಜ್ಜೆಗೊಂದು ತೂಕದ ಕಾಟಾ ಇದೆ. ಮೊದಲು ಜನ, ಸಾಮಾನು ಸಮೇತ ಪಿಕಪ್ ಒಂದನ್ನೇ ತೂಗಿ. ಆಮೇಲೆ ಟ್ರೇಲರ್ ಸಿಕ್ಕಿಸಿ, ಅದರ ಚಕ್ರ ಕಾಟಾದಿಂದ ಹೊರಗೆ ಉಳಿಯುವ ಹಾಗೆ ನಿಲ್ಲಿಸಿ ಇನ್ನೊಮ್ಮೆ ತೂಗಿ. ಎರಡರ ವ್ಯತ್ಯಾಸವೇ ಮುಂಭಾರ. ಕೊನೆಗೆ ಇಡೀ ಜೋಡಿಯನ್ನು ಕಾಟಾ ಮೇಲೆ ತಂದರೆ ಒಟ್ಟು ತೂಕವೂ ಸಿಗುತ್ತೆ.

ಕಾಟಾ ದೂರ ಇದ್ದರೆ ಮನೆಯ ತೂಕದ ಯಂತ್ರವೇ ಸಾಕು. ಮೂರು ಅಡಿಯ ಗಟ್ಟಿ ಹಲಗೆ ತಗೊಳ್ಳಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಇಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಟ್ರೇಲರ್‌ನ ಮೂತಿ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. 60 ತೋರಿಸಿದರೆ 180 ಕೆಜಿ. ಹಲಗೆಯ ಭಾರವನ್ನು ಮೊದಲೇ ಕಳೆದುಕೊಳ್ಳಿ.

ತೂಗಿದ ಮೇಲೆ ಮೂರು ಸಂಖ್ಯೆಗಳನ್ನು ಗಾಡಿಯ ಕೈಪಿಡಿ ಜೊತೆ ಹೋಲಿಸಬೇಕು: ಟ್ರೇಲರ್‌ನ ತೂಕ, ಪಿಕಪ್ ಹೊತ್ತ ಭಾರ, ಎರಡೂ ಸೇರಿದ ಒಟ್ಟು. ಮೂರರಲ್ಲಿ ಯಾವುದು ಮೊದಲು ಮಿತಿ ಮುಟ್ಟುತ್ತೋ ಅದೇ ನಿಮ್ಮ ನಿಜವಾದ ಮಿತಿ. ಜಾಹೀರಾತಿನ ‘3.5 ಟನ್’ ಅನ್ನೋದು ಗಾಡಿ ಹೆಚ್ಚುಕಡಿಮೆ ಖಾಲಿ ಇದ್ದಾಗಿನ ಮಾತು.

ಹತ್ತೋದಕ್ಕಿಂತ ಇಳಿಯೋದು ಕಷ್ಟ

ಅಮೆರಿಕದಲ್ಲಿ ಎಳೆತದ ಮಿತಿ ಹೇಳಲು ಎಸ್‌ಎಇ ಜೆ2807 ಅನ್ನೋ ಅಳತೆಗೋಲು ಇದೆ. ಅರಿಝೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ ಸುಮಾರು 18 ಕಿಲೋಮೀಟರ್, ಸುಡು ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು ಎಳೆಯಬೇಕು. ಮಾಮೂಲಿ ಪಿಕಪ್ ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳಬಾರದು. 12 ಪ್ರತಿಶತ ಏರಿನಲ್ಲಿ ನಿಂತ ಜಾಗದಿಂದ ಐದು ನಿಮಿಷದಲ್ಲಿ ಐದು ಸಲ ಹೊರಟು ತೋರಿಸಬೇಕು. ಮೇ ತಿಂಗಳಲ್ಲಿ ಖಂಡಾಳ ಘಾಟ್ ಹತ್ತುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದವರಿಗೆ ಈ ಪರೀಕ್ಷೆಯ ಬೆಲೆ ತಕ್ಷಣ ಗೊತ್ತಾಗುತ್ತೆ.

ಆದರೆ ನನ್ನ ನಿಜವಾದ ಚಿಂತೆ ಅಂಬೋಲಿ ಘಾಟ್ ಇಳಿಯೋದು. ನಿಪ್ಪಾಣಿ ದಾಟಿ, ಆಜರಾ ಮೇಲೆ ಹಾದು ಅಂಬೋಲಿಗೆ ಬಂದರೆ ಮಂಜು, ಮಳೆ, ತಿರುವು. ಸಾವಂತವಾಡಿ ಕಡೆಗೆ ಇಳಿಯುವಾಗ ಪಿಕಪ್, ಟ್ರೇಲರ್ ಎಲ್ಲ ಸೇರಿ ನಾಲ್ಕೂವರೆ ಟನ್ ಕೆಳಕ್ಕೆ ನುಗ್ಗುತ್ತಿರುತ್ತೆ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅಷ್ಟೂ ಕೆಲಸ ಪಿಕಪ್‌ನ ನಾಲ್ಕು ಚಕ್ರದ ಮೇಲೆ. ಆಸ್ಟ್ರೇಲಿಯಾದಲ್ಲಿ ಟ್ರೇಲರ್ 750 ಕೆಜಿ ದಾಟಿದರೆ ಬ್ರೇಕ್ ಕಡ್ಡಾಯ. 2,000 ಕೆಜಿ ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್ ಬೇಕು, ಜೊತೆಗೆ ಟ್ರೇಲರ್ ಕಳಚಿಕೊಂಡರೆ ತಾನೇ ನಿಲ್ಲುವ ವ್ಯವಸ್ಥೆ ಬೇಕು. ನಾನು ಇಲ್ಲಿ ನೋಡಿದ ಬಾಡಿಗೆ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕ್ ಇರಲಿಲ್ಲ. ಅಂಥ ಟ್ರೇಲರ್ ಮೇಲೆ ಜಿಪ್ಸಿ ಇಟ್ಟುಕೊಂಡು ಘಾಟ್ ಇಳಿಯಬೇಡಿ. ಪಿಕಪ್ ಯಾವುದೇ ಇರಲಿ, ಬೇಡ.

ಹಿಚ್ ಬಾಲ್‌ನದೂ ಒಂದು ಮಾತು. ಆಸ್ಟ್ರೇಲಿಯಾ, ಯುರೋಪ್ ಕಡೆಯ ಬಾಲ್ 50 ಮಿಲಿಮೀಟರ್. ಅಮೆರಿಕದ ಎರಡು ಇಂಚಿನ ಬಾಲ್ 50.8 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಬಾಲ್ ಹಿಡಿಯುವ ಟ್ರೇಲರ್‌ನ ಬಾಯಿಗೆ ಕಪ್ಲರ್ ಅಂತಾರೆ; ದೊಡ್ಡ ಕಪ್ಲರ್‌ಗೆ ಚಿಕ್ಕ ಬಾಲ್ ಹಾಕಿದರೆ ಪ್ರತಿ ಹಂಪ್‌ಗೂ ಟಕ್ ಟಕ್ ಸದ್ದು. ದಿನ ಕಳೆದಂತೆ ಬಾಲ್‌ನ ನೆತ್ತಿ ಸವೆದು ಮಿಂಚುತ್ತೆ. ಹೊರಡುವ ಮುಂಚೆ ಬಾಲ್ ಮೇಲೆ ಕೊರೆದ ಅಳತೆ ಓದಿ. ಬ್ರಾಕೆಟ್ ಬಂಪರ್‌ಗಲ್ಲ, ಚಾಸಿಗೆ ಬೋಲ್ಟ್ ಆಗಿದೆಯಾ ಅಂತ ಕೆಳಗೆ ಬಗ್ಗಿ ನೋಡಿ. ಇನ್ನು ಕಾಗದ ಪತ್ರ: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ವಾಹನವೇ. ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್ ಬೇಕು.

ಸರಿ, ಯಾವುದು ಯಾರಿಗೆ?

ಫೋರ್ಡ್ 2021ರಲ್ಲಿ ಭಾರತದಲ್ಲಿ ಗಾಡಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ರೇಂಜರ್ ರ‍್ಯಾಪ್ಟರ್ ಇಲ್ಲಿನ ಶೋರೂಮ್‌ಗೆ ಬರಲೇ ಇಲ್ಲ. ಹಾಗಾಗಿ ಇಲ್ಲಿರುವವರಿಗೆ ಮುಖ್ಯವಾಗಿ ಹೈಲಕ್ಸ್ ಮತ್ತು ವಿ-ಕ್ರಾಸ್ ನಡುವಿನ ಆಯ್ಕೆ.

ಹೈಲಕ್ಸ್‌ಗೆ 2.8 ಲೀಟರ್ ಡೀಸೆಲ್, 204 ಪಿಎಸ್. ಮ್ಯಾನುಯಲ್‌ನಲ್ಲಿ 420, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್. ವಿ-ಕ್ರಾಸ್‌ಗೆ 1.9 ಲೀಟರ್, 163 ಪಿಎಸ್, 360 ನ್ಯೂಟನ್ ಮೀಟರ್. ಎರಡಕ್ಕೂ ಗಟ್ಟಿ ಚಾಸಿ, ಹಿಂದೆ ಪಾಟಾ. ಹೊರದೇಶಗಳಲ್ಲಿ ಇವುಗಳ ಅಣ್ಣತಮ್ಮಂದಿರು 3,500 ಕೆಜಿ ಎಳೆಯುತ್ತಾರೆ ಅಂತ ಇಲ್ಲಿ ಅದೇ ಅಂಕಿ ಹಿಡಿದು ಹೊರಡಬೇಡಿ. ದೇಶ ಬದಲಾದರೆ ಗೇರ್, ಕೂಲಿಂಗ್, ಹಿಚ್ ಎಲ್ಲ ಬದಲಾಗಬಹುದು. ನಿಮ್ಮ ಗಾಡಿ ಜೊತೆ ಬಂದ ಕೈಪಿಡಿಯ ಅಂಕಿಯೇ ಅಂಕಿ.

ಜಿಪ್ಸಿ ಅಥವಾ ಥಾರ್ ಒಯ್ಯುವವರಿಗೆ ನನ್ನ ಮತ ಹೈಲಕ್ಸ್ ಆಟೋಮ್ಯಾಟಿಕ್‌ಗೆ. ಬೆಲೆ 30 ಲಕ್ಷದ ಮೇಲೆ ಹೋಗುತ್ತೆ, ಅದು ಸಣ್ಣ ಮಾತಲ್ಲ. ಆದರೆ ಖಂಬಾಟ್ಕಿ ಏರಿನಲ್ಲಿ ಲಾರಿ ಹಿಂದೆ ನಿಂತು ಹೊರಡುವಾಗ ಕ್ಲಚ್ ಸುಡುವ ವಾಸನೆ ಇಲ್ಲ ಅನ್ನೋದೊಂದೇ ನನಗೆ ಸಾಕು. ಮಾರ್ಪಡಿಸಿದ ಜಿಪ್ಸಿ ಸುಮಾರು 1,300 ಕೆಜಿ, ಟ್ರೇಲರ್ 600 ಅಂತ ಹಿಡಿದರೂ 1,900. ಥಾರ್ ಆದರೆ ಒಟ್ಟು 2,400 ಹತ್ತಿರ ಬರುತ್ತೆ. ಅಲ್ಲಿ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು, ಜನ ಇಬ್ಬರೇ ಇದ್ದರೆ ಒಳ್ಳೆಯದು.

ವಾಸ್ಕೋದಲ್ಲಿರುವ ನಮ್ಮ ನೆಂಟರೊಬ್ಬರಿಗೆ ಚಿಕ್ಕ ದೋಣಿ ಇದೆ. ಟ್ರೇಲರ್ ಸೇರಿ 700 ಕೆಜಿ. ಮನೆಯಿಂದ ಜೆಟ್ಟಿಗೆ ನಾಲ್ಕು ಕಿಲೋಮೀಟರ್, ಘಾಟ್ ಇಲ್ಲ. ಅವರಿಗೆ ಹೈಲಕ್ಸ್ ದಂಡ. ವಿ-ಕ್ರಾಸ್ ಫೋರ್ ಬೈ ಫೋರ್ ಸಾಕಷ್ಟಾಯಿತು. ಪಾಚಿ ಹಿಡಿದ ರ‍್ಯಾಂಪ್‌ನಿಂದ ದೋಣಿ ಮೇಲೆ ತರುವಾಗ ಬೇಕಾಗೋದು ನಿಧಾನಕ್ಕೆ, ಜೋರಾಗಿ ಎಳೆಯುವ ಲೋ ರೇಂಜ್ ಗೇರ್, ಅಶ್ವಶಕ್ತಿ ಅಲ್ಲ. ಗೋವಾದ ಬೀಚ್ ಮೇಲೆ ಗಾಡಿ ಇಳಿಸೋದು ಅಪರಾಧ, ಆ ಯೋಚನೆ ಬೇಡ.

ಹೊರದೇಶದಲ್ಲಿ ಇರುವವರಿಗೂ ಒಂದು ಮಾತು. ನಮ್ಮ ಬಳಗದ ಒಬ್ಬನ ಅಣ್ಣ ಮೆಲ್ಬರ್ನ್‌ನಲ್ಲಿದ್ದಾನೆ. ರ‍್ಯಾಪ್ಟರ್ ಕೊಂಡು ಕ್ಯಾರವಾನ್ ಎಳೆಯೋ ಆಸೆ. ಕ್ಯಾರವಾನ್‌ನ ಖಾಲಿ ತೂಕ 2,200 ಕೆಜಿ, ಮಿತಿಯೊಳಗೇ ಇದೆ ಅಂದ. ನೀರು, ಗ್ಯಾಸ್, ಪಾತ್ರೆ, ಮಕ್ಕಳ ಸೈಕಲ್ ತುಂಬಿದ ಮೇಲೆ ಎಷ್ಟು ಅಂತ ಕೇಳಿದೆ. ತೂಗಿಸಿದ, 2,600 ಬಂತು. ಆ ಕ್ಯಾರವಾನ್‌ಗೆ ಸಾದಾ ರೇಂಜರ್ರೇ ಸರಿ ಅಂತ ಹೇಳಿದೆ. ಟ್ರೇಲರ್ ತುಂಬಿದ ಮೇಲೂ 2,000 ಕೆಜಿ ಒಳಗೇ ಇದ್ದು, ವಾರವಾರ ಮಣ್ಣಿನ ಹಾದಿ ತುಳಿಯುವವರಿಗೆ ರ‍್ಯಾಪ್ಟರ್ ಬಹಳ ಒಳ್ಳೆಯ ಗಾಡಿ. ಅದರ ಮೇಲೆ ನನಗೆ ಪ್ರೀತಿಯೇ ಇದೆ.

ವರ್ಷಕ್ಕೆ ಒಂದೇ ಸಲ ಗೋವಾಕ್ಕೆ ಹೋಗುವವರು ಇದ್ಯಾವುದನ್ನೂ ಕೊಳ್ಳಬೇಡಿ. ಫ್ಲಾಟ್‌ಬೆಡ್ ಲಾರಿ ಬಾಡಿಗೆಗೆ ಹಿಡಿಯಿರಿ. ಇಬ್ಬರು ಮೂವರು ಸೇರಿ ದೊಡ್ಡ ಲಾರಿ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತೆ, ಘಾಟ್ ಇಳಿಸುವ ಜವಾಬ್ದಾರಿ ಅದನ್ನೇ ದಿನಾ ಮಾಡುವ ಡ್ರೈವರ್‌ನ ಕೈಯಲ್ಲಿರುತ್ತೆ.

ನಾವು ಈ ಸಲ ಹೈಲಕ್ಸ್ ಹಿಂದೆ ಬ್ರೇಕ್ ಇರುವ ಟ್ರೇಲರ್ ಕಟ್ಟಿದ್ದೇವೆ, ಜಿಪ್ಸಿಯ ಮೂತಿ ಮುಂದೆ. ಚಾಕಣದ ಕಾಟಾದಲ್ಲಿ ಪಿಕಪ್ ಒಂದೇ ಇದ್ದಾಗ 2,520, ಸಿಕ್ಕಿಸಿದ ಮೇಲೆ 2,710 ಬಂತು. ಮುಂಭಾರ 190. ಚೀಟಿ ಡ್ಯಾಶ್‌ಬೋರ್ಡ್ ಮೇಲಿದೆ, ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇವೆ.